ಮುಳ್ಳುಪೊದೆಯ ಕಲಿವಿಕೋಡಿ

ಆಂಧ್ರದ ಕಡಪ ಜಿಲ್ಲೆಯ ಲಂಕಮಲ ಬೆಟ್ಟಗಳ ತಪ್ಪಲು ನೋಡುವವರಿಗೆ ಬರಿಯ ಮುಳ್ಳುಕುರುಚಲು. ಇಂಥ ನೆಲವನ್ನು ಬಂಜರೆನ್ನುವುದು ನಮ್ಮ ರೂಢಿ. ಅಲ್ಲಿ ನೆಲೆಸಿದ ಜೀವಿಗಳನ್ನು ಕೇಳಿದವರಿಲ್ಲ. ಇರುಳಲ್ಲಿ ಸಂಚರಿಸುವ, ಎದೆಯ ಮೇಲೆ ಎರಡು ಪಟ್ಟೆಗಳುಳ್ಳ ಹಕ್ಕಿಯೊಂದಕ್ಕೆ ಅದೇ ಮನೆ. ತೆಲುಗರು ಅದನ್ನು ಕಲಿವಿಕೋಡಿ ಎನ್ನುತ್ತಾರೆ. ವೈದ್ಯ ಥಾಮಸ್ ಜೆರ್ಡಾನನ ಮೂಲಕ 1848ರಲ್ಲಿ ವಿದ್ವಾಂಸರಿಗೆ ಪರಿಚಿತವಾದ ಈ ಪಕ್ಷಿ 1900ರ ತರುವಾಯ ಕಾಣಲಿಲ್ಲ. ಅಳಿದೇ ಹೋಯಿತೆಂದು ತಜ್ಞರು ಬಗೆದಿದ್ದರು.

1986ರ ಜನವರಿಯಲ್ಲಿ, ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಶೋಧಕ್ಕೆ ನೆರವಾದ ಹಳ್ಳಿಗನೊಬ್ಬನು ರಾತ್ರಿ ಬೆಳಕು ಬಿಟ್ಟು ಒಂದನ್ನು ಜೀವಂತ ಹಿಡಿದನು. 86 ವರ್ಷಗಳ ಮೇಲೆ ದೊರೆತ ಆ ಜೀವ ಸೆರೆಯಲ್ಲಿ ಕೆಲವೇ ದಿನ ಬದುಕಿತು. ಕೊಲ್ಲುವ ಸಂಕಲ್ಪ ಯಾರಲ್ಲಿಯೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

1988ರಲ್ಲಿ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ಘೋಷಿತವಾಯಿತು. ಆ ಬಳಿಕ ಬಂದ ಸಂಶೋಧಕರು ಪೊದೆಗಳ ನಡುವೆ ನುಣುಪು ಮಣ್ಣು ಹರಡಿ, ಹಕ್ಕಿಯನ್ನು ಮುಟ್ಟದೆ ಅದರ ಹೆಜ್ಜೆಗುರುತುಗಳನ್ನು ಓದಿದರು. ಹೆಕ್ಟೇರಿಗೆ 300ರಿಂದ 700 ದೊಡ್ಡ ಪೊದೆಗಳಿರುವ ನೆಲವೇ ಅದಕ್ಕೆ ಒಗ್ಗುವುದೆಂದು ತಿಳಿದುಬಂತು. ಸೌದೆಯ ಕಡಿತ, ಮೇಕೆಗಳ ಮೇವು ಮಿತಿಮೀರಿದರೆ ನೆಲ ಬಯಲಾಗುತ್ತದೆ. ಪೂರ್ಣ ನಿಂತರೆ ಪೊದೆ ಒತ್ತಾಗಿ ಹಕ್ಕಿಗೆ ಎಡೆಯಿರದು. ಧರ್ಮಸಂಸ್ಥೆಗಳ ಜಮೀನಿನ ಕುರುಚಲನ್ನು ಕಡಿದು ನೀಲಗಿರಿ ನೆಡಲು ಹೊರಟಿರುವ ಮಹನೀಯರು ಈ ಲೆಕ್ಕವನ್ನು ಒಮ್ಮೆ ಅವಲೋಕಿಸಬೇಕೆಂದು ವಿನಂತಿ.

2005ರಲ್ಲಿ ತೆಲುಗು ಗಂಗಾ ಕಾಲುವೆಯ ಯಂತ್ರಗಳು ಈ ಪೊದೆಗಳನ್ನೇ ಅಗೆಯತೊಡಗಿದವು. ರಾಯಲಸೀಮೆಯ ರೈತನಿಗೆ ನೀರು ಬೇಡವೆನ್ನುವ ಧೈರ್ಯ ಯಾರಿಗುಂಟು? ಹಾಗೆನ್ನಬೇಕಾಗಲೂ ಇಲ್ಲ. ಕಾಲುವೆಯ ಜಾಡನ್ನೇ ಬದಲಿಸಲಾಯಿತು.