ಕನ್ನಡದ ವಿಡಂಬನ ಪತ್ರಿಕೋದ್ಯಮ

ಅಧಿಕಾರ, ಮಠ, ಜಾತಿ-ಮತಗಳ ಡೌಲನ್ನು ನಗೆಯಿಂದ ಕೆಣಕುವ ಪತ್ರಿಕಾ ಬರವಣಿಗೆ. ಇದಕ್ಕೆ ಗಟ್ಟಿ ನೆಲೆ ಒದಗಿಸಿದ್ದು ರಾ.ಶಿ. (ಡಾ. ಎಂ. ಶಿವರಾಂ) 1942ರಲ್ಲಿ ಹೊರಡಿಸಿದ ‘ಕೊರವಂಜಿ’. 25 ವರ್ಷ ನಡೆದ ಈ ಮಾಸಪತ್ರಿಕೆಯದು ಮನೆಮಂದಿಯೆಲ್ಲ ಹಂಚಿಕೊಳ್ಳುವ ನಗೆ. ಬೆಳಗಾವಿ ಸೀಮೆಯ ಕುಟುಕಿಗೆ ಖಾರ ಹೆಚ್ಚು. ಅರಭಾವಿಯ ದುರದುಂಡೀಶ್ವರ ಮಠದಂತೆ ಊರೂರಿಗೆ ಮಠವಿರುವ ಸೀಮೆ ಅದು; ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಪತ್ರಕರ್ತ, ಕಾದಂಬರಿಕಾರ ಬಸವರಾಜ ಕಟ್ಟೀಮನಿ ಮಠದ ವೈಭವವನ್ನೇ ಕೆಣಕಿದರು. ಅವರ ‘ಜರತಾರಿ ಜಗದ್ಗುರು’ ಕಾದಂಬರಿಯ ಹೆಸರಲ್ಲೇ ಅರ್ಧ ಏಟು ಬಿದ್ದಿರುತ್ತದೆ.

1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಕಪ್ಪು-ಬಿಳುಪಿನ ಟ್ಯಾಬ್ಲಾಯ್ಡ್; ಜಾಹೀರಾತಿಲ್ಲ, ಓದುಗ ಕೊಟ್ಟ ಕಾಸೇ ಬಂಡವಾಳ. ಹಾಗಾಗಿ ಯಾರ ಮುಲಾಜೂ ಇರಲಿಲ್ಲ. ಮುಖ್ಯಮಂತ್ರಿ ಗುಂಡೂರಾವ್ ಅದರ ಪುಟಗಳಲ್ಲಿ ಬರೀ ‘ಗುಂ’. ಅಡ್ಡಹೆಸರು ಹಳ್ಳಿಕಟ್ಟೆಯ ಹಳೆಯ ಆಯುಧ. ಲಂಕೇಶ್ ಅದನ್ನು ಅಚ್ಚಿಗೆ ತಂದರು.

ಬರಹಕ್ಕೆ ಬೀದಿಯಲ್ಲಿ ಉತ್ತರ ಕೊಡುವ ಚಾಳಿ ವಿಡಂಬನೆಗಷ್ಟೇ ಸೀಮಿತವಲ್ಲ. 1986ರಲ್ಲಿ ಡೆಕ್ಕನ್ ಹೆರಾಲ್ಡ್ ಪ್ರಕಟಿಸಿದ ಒಂದು ಕಥೆಗೆ ಬೆಂಗಳೂರು ಹೊತ್ತಿ ಉರಿಯಿತು. 2010ರಲ್ಲಿ ತಸ್ಲೀಮಾ ನಸ್ರೀನ್ ಹೆಸರಿನ ಲೇಖನವೊಂದರ ನೆಪದಲ್ಲಿ ಶಿವಮೊಗ್ಗ, ಹಾಸನಗಳಲ್ಲಿ ಗಲಭೆಯಾಯಿತು. ಅದು ಗುಂಪಿನ ಸಿಟ್ಟು. ಮುಂದೆ ಬಂದದ್ದು ಹೊಂಚು. 2015ರ ಜನವರಿಯಲ್ಲಿ ಪ್ಯಾರಿಸ್ಸಿನ ವಿಡಂಬನ ವಾರಪತ್ರಿಕೆ ‘ಶಾರ್ಲಿ ಎಬ್ದೊ’ ಮೇಲಿನ ದಾಳಿಯಲ್ಲಿ 12 ಮಂದಿ ಸತ್ತರು. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು.

ತಂದೆಯ ಧಾಟಿಯನ್ನು ‘ಗೌರಿ ಲಂಕೇಶ್ ಪತ್ರಿಕೆ’ಯಲ್ಲಿ ಮುಂದುವರಿಸಿದ ಲಂಕೇಶರ ಮಗಳು ಗೌರಿ ‘ಕಂಡ ಹಾಗೆ’ ಅಂಕಣದಲ್ಲಿ ಹಿಂದುತ್ವ ರಾಜಕಾರಣವನ್ನು ಕುಟುಕುತ್ತಿದ್ದರು. 2016ರ ನವೆಂಬರಿನಲ್ಲಿ ಮಾನಹಾನಿ ಮೊಕದ್ದಮೆಯೊಂದರಲ್ಲಿ ಹುಬ್ಬಳ್ಳಿ ನ್ಯಾಯಾಲಯ ಅವರಿಗೆ 6 ತಿಂಗಳ ಸಜೆ ವಿಧಿಸಿತು. ಅಂದೇ ಜಾಮೀನೂ ಸಿಕ್ಕಿತು. ಕೋರ್ಟಿನ ದಾರಿಯಾದರೂ ಬರೆದವರಿಗೆ ಬಾಯಿ ಬಿಡಲು ಅವಕಾಶ ಕೊಡುತ್ತದೆ. 2017ರ ಸೆಪ್ಟೆಂಬರ್ 5ರ ರಾತ್ರಿ ಕಚೇರಿಯಿಂದ ರಾಜರಾಜೇಶ್ವರಿನಗರದ ಮನೆಗೆ ಬಂದು, ಗೇಟು ತೆಗೆದು ಒಳಗೆ ಹೋಗುವಷ್ಟರಲ್ಲಿ ಗುಂಡು ಹಾರಿತು. ಅವರ ಕೊನೆಯ ಸಂಪಾದಕೀಯ ಸುಳ್ಳುಸುದ್ದಿಯ ಕುರಿತದ್ದು.

ಕಲಬುರ್ಗಿ, ಗೌರಿ ಇಬ್ಬರನ್ನೂ ಕೊಂದದ್ದು 7.65 ಮಿ.ಮೀ. ನಾಡಪಿಸ್ತೂಲು, ಅದೂ ಒಂದೇ ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಗೌರಿ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ 18 ಮಂದಿಯನ್ನು ಆರೋಪಿಗಳೆಂದು ಹೆಸರಿಸಿತು. ವಿಚಾರಣೆ ಶುರುವಾಗಿದ್ದು 2022ರ ಜುಲೈಯಲ್ಲಿ.