ಅಳಿವೆಯ ಮರುವಾಯಿ, ಆಟಿಯ ತಜಂಕು

1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಗದ್ದೆ, ಭತ್ತ, ಕಂದಾಯಗಳ ವಿವರವನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಆದರೆ ಕಂದಾಯಕ್ಕೆ ಸಿಕ್ಕದ ಆಹಾರದ ಚರಿತ್ರೆಯನ್ನು ನಾವು ಅಡುಗೆಮನೆಗಳಲ್ಲೇ ಹುಡುಕಬೇಕೆಂದು ನನ್ನ ಎಣಿಕೆ.

ಮೆಲ್ಕಾರಿನ ಸಮೀಪ ಹರಿಯುವ ನೇತ್ರಾವತಿಯು ಸುಮಾರು 25 ಕಿಲೋಮೀಟರು ಸಾಗಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಅಲ್ಲಿನ ಅಳಿವೆಯಲ್ಲಿ ನೀರಿಳಿದಾಗ ಮರಳನ್ನು ತಡಕಿ ಮರುವಾಯಿ ಹೆಕ್ಕುವುದು ಹಳೆಯ ರೂಢಿ. ಅದರ ಮಾಂಸಕ್ಕೆ ತೆಂಗಿನತುರಿ ಬೆರೆಸಿದರೆ ಸುಕ್ಕ. ಚಿಪ್ಪನ್ನು ಸುಟ್ಟರೆ ವೀಳ್ಯಕ್ಕೂ ಗೋಡೆಗೂ ಸುಣ್ಣ.

ಮಳೆಗಾಲದಲ್ಲಿ ಅಳಿವೆಗೆ ಸಿಹಿನೀರು ನುಗ್ಗಿದಾಗ ಮರುವಾಯಿ ರಾಶಿರಾಶಿಯಾಗಿ ಸಾಯುವುದುಂಟು. ಆಟಿ ತಿಂಗಳಿಗೆ ದೋಣಿ ದಡದಲ್ಲಿ, ಭತ್ತದ ಕಣಜ ಬರಿದು. 1923 ಮತ್ತು 1974ರಲ್ಲಿ ಬಂಟ್ವಾಳವೇ ನೆರೆಯಲ್ಲಿ ಮುಳುಗಿತ್ತು. ಅಂಥ ದಿನಗಳಲ್ಲಿ ಒಲೆ ಉರಿಸಿದ್ದು ಗುಡ್ಡದ ಬದಿಯ ತಜಂಕು, ಕೆಸು, ಕಣಿಲೆಗಳು.

ಇವುಗಳಿಗೆ ತಿಳಿವಳಿಕೆಯೂ ಬೇಕಿತ್ತು. ಕಣಿಲೆಯನ್ನು ದಿನಗಟ್ಟಲೆ ನೀರಿನಲ್ಲಿಟ್ಟು, ನೀರು ಬದಲಿಸಿ ವಿಷ ಕಳೆಯಬೇಕು. ಕೆಸುವಿನ ತುರಿಕೆಗೆ ಹುಣಸೆಹುಳಿ ಬೀಳಬೇಕು. ಆಟಿ ಅಮಾವಾಸ್ಯೆಯ ನಸುಕಿನ ಕತ್ತಲಲ್ಲಿ ಹಾಲೆಮರದ ತೊಗಟೆಯೆಂದು ಕಾಸರಕನ ತೊಗಟೆ ಕೆತ್ತಿ ತಂದರೆ ಆ ಕಷಾಯ ಪ್ರಾಣವನ್ನೇ ತೆಗೆದೀತು.

ಈಗ ಪೇಟೆಯ ಸಭಾಂಗಣಗಳಲ್ಲಿ ಆಟಿಯ ತಿನಿಸುಗಳ ಉತ್ಸವ ನಡೆಯುತ್ತದೆ. ಹೊಟ್ಟೆಯ ಹಸಿವು ನೀಗಿತೆಂಬುದು ನನಗೂ ಸಂತೋಷವೇ. ಆದರೆ ಮರ ಯಾವುದೆಂದು ಗುರುತಿಸಬಲ್ಲ ಅಜ್ಜಿಯರು ಮನೆಯಲ್ಲಿರುವಾಗಲೇ ಮೊಮ್ಮಕ್ಕಳು ಅವರೊಡನೆ ಒಮ್ಮೆ ಗುಡ್ಡಕ್ಕೆ ಹೋಗಿಬರುವುದು ಒಳ್ಳೆಯದು.