ಆದಿ ಕರ್ನಾಟಕ ಒತ್ಲಾ, ಮಾದಿಗ ಒತ್ಲಾ?



ಮೊನ್ನೆ ಸಂಜೆ ನಮ್ಮ ಬೀದಿ ಹುಡುಗನೊಬ್ಬ ಸ್ಕಾಲರ್‌ಶಿಪ್ ಅರ್ಜಿ ತುಂಬಿಸ್ಕೊಡಿ ಅಂತ ಬಂದ. ಜಾತಿ ಕಾಲಂ ಒತ್ತಿದ್ರೆ ಉದ್ದದ ಡ್ರಾಪ್‌ಡೌನ್ ಪಟ್ಟಿ ಬಿಚ್ಕೊಳ್ತು. "ಅಣ್ಣಾ, ಸರ್ಟಿಫಿಕೇಟಲ್ಲಿ ಆದಿ ಕರ್ನಾಟಕ ಅಂತೈತೆ, ಮನೇಲಿ ಮಾದಿಗ್ರು ಅಂತಾರೆ. ಯಾವ್ದು ಒತ್ಲಿ?" ಅಂದ. ಸರ್ಟಿಫಿಕೇಟಲ್ಲಿ ಇರೋದನ್ನೇ ಒತ್ತು ಅಂದೆ. ಅರ್ಜಿ ಹೋಯ್ತು, ಅವನ ಪ್ರಶ್ನೆ ನನ್ನ ತಲೇಲೇ ಉಳೀತು.

ಈ ಗೊಂದಲ ಕಂಪ್ಯೂಟರ್ ಹುಟ್ಟಿಸಿದ್ದಲ್ಲ. ಪಂಚಮರು ಅಂತ ಕರೆಸಿಕೊಳ್ಳೋದನ್ನು ನಮ್ಮ ಹಿರಿಯರು ಒಪ್ಪಲಿಲ್ಲ. 1922ರಲ್ಲಿ ಎಂ.ಸಿ. ರಾಜಾ ಅವರು ಆ ಹೆಸರು ಬಿಟ್ಟು ಆದಿ ದ್ರಾವಿಡ ಅನ್ನಬೇಕೆಂದು ಮದ್ರಾಸ್ ಶಾಸನಸಭೆಯಲ್ಲಿ ನಿರ್ಣಯ ತಂದರು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲೂ ಆದಿ ಕರ್ನಾಟಕ, ಆದಿ ದ್ರಾವಿಡ ಬಳಕೆಗೆ ಬಂದವು. ಈ ನೆಲದ ಮೂಲದವರು ನಾವು ಅನ್ನೋ ಅಭಿಮಾನ ಅದರಲ್ಲಿತ್ತು. ಬೈಗುಳದಿಂದ ಬಿಡಿಸಿಕೊಂಡ ಹೆಸರದು, ಹಗುರ ಮಾಡಬೇಡಿ.

ಆದ್ರೆ ಅದು ಒಂದು ಜಾತಿಯ ಹೆಸರಲ್ಲ. ಹೊಲೆಯರೂ ಬರೆಸಿದ್ರು, ಮಾದಿಗರೂ ಬರೆಸಿದ್ರು. ಇವತ್ತು ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯ 101ರಲ್ಲಿ ಆದಿ ಕರ್ನಾಟಕ, ಹೊಲೆಯ, ಮಾದಿಗ ಮೂರೂ ಬೇರೆ ಬೇರೆ ನಮೂದು.

ಡ್ರಾಪ್‌ಡೌನಿನ ಪ್ರತಿ ಆಯ್ಕೆಗೆ ಎರಡು ಮುಖ. ನಮ್ಮ ಕಣ್ಣಿಗೆ ಕಾಣೋದು ಲೇಬಲ್, ಒಳಗೆ ದಾಖಲಾಗೋದು ಕೋಡ್. ಸರ್ಕಾರ ಎಣಿಸೋದು ಕೋಡನ್ನ. ಹೊಲೆಯರ ಹುಡುಗಿ, ಮಾದಿಗರ ಹುಡುಗ ಇಬ್ಬರೂ ಆದಿ ಕರ್ನಾಟಕ ಒತ್ತಿದ್ರೆ ಕೋಡ್ ಒಂದೇ. ಯಾರಿಗೆ ಎಷ್ಟು ಸಿಕ್ತು, ಯಾರು ಹಿಂದೆ ಉಳಿದ್ರು ಅನ್ನೋದನ್ನ ಆಮೇಲೆ ಆ ಲೆಕ್ಕದಿಂದ ಬಿಡಿಸಿ ತೆಗೆಯೋಕಾಗಲ್ಲ.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಬಿಟ್ಟಿತು. ನಮ್ಮಲ್ಲಿ ಅಡ್ಡ ಬಂದಿದ್ದು ಇದೇ ಗಂಟು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಯವರು ಎಕೆ, ಎಡಿ ಅಂದವರ ಮನೆಬಾಗಿಲಲ್ಲಿ ನಿಂತು ಮೂಲ ಜಾತಿ ಕೇಳಬೇಕಾಯ್ತು. ಬಾಡಿಗೆ ಮನೆ ಕಳ್ಕೊಳ್ಳೋ ಭಯದಲ್ಲಿ ಬದುಕೋ ನಮ್ಮ ಜನಕ್ಕೆ ಅದು ಬಾಯಿಬಿಟ್ಟು ಹೇಳೋಷ್ಟು ಸುಲಭವಾ?

ನನ್ನ ಬೇಡಿಕೆ ಇಷ್ಟೇ. ಆದಿ ಕರ್ನಾಟಕ ಲೇಬಲ್ ತೆಗೀಬೇಡಿ, ಅದು ಹಿರಿಯರ ಗಳಿಕೆ. ಅದನ್ನ ಒತ್ತಿದ ಕೂಡಲೇ ಮೂಲ ಜಾತಿ ಕೇಳೋ ಇನ್ನೊಂದು ಪಟ್ಟಿ ತೆರೆಯಲಿ. ಆ ಪಟ್ಟಿ ಮಾಡುವಾಗ ನಮ್ಮೋರೂ ಕೂತಿರಲಿ.

ಅಲ್ಲೀತನಕ ಮಕ್ಕಳಿಗೆ ಮೂಲ ಜಾತಿ ನಾವೇ ಹೇಳೋಣ, ನಾಚಿಕೆ ಇಲ್ಲದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳಿ.

ಜೈ ಭೀಮ್.